ಮೂವತ್ತೆರಡಕ್ಕೆ ಒಂದು

ದೀಪವಿಲ್ಲ, ಹಾರ್ನಿಲ್ಲ, ನಂಬರ್ ಪ್ಲೇಟಿಲ್ಲ,
ಒರಗಿ ನಿಲ್ಲಲು ಸ್ಟ್ಯಾಂಡು ಕೂಡ ಇಲ್ಲ.
ಕುಲಶೇಖರದಿಂದ ಬೋಳಾರದವರೆಗೆ
ಮೀನಿನ ಟೆಂಪೋದಲ್ಲಿ ಹಗ್ಗ ಬಿಗಿದು
ನಾನೂ ಹಿಂದೆ ನಿಂತು ಹಿಡಿದುಕೊಂಡು ತಂದೆ,
ಹೊಟ್ಟೆ ಉಬ್ಬರಿಸಿದ ಕರುವನ್ನು
ಗೋಡಾಕ್ಟರಲ್ಲಿಗೆ ಒಯ್ಯುವಂತೆ.

"ಎಷ್ಟು ಕೊಡ್ತದೆ?" ಕೇಳಿದರು ಮನೆಯ ಮಾಲಕರು.
ಕೊಡುವ ಜಾತಿಯಲ್ಲ ಇದು.
ಇದರ ಆಯಸ್ಸಿಗೆ ಕಿಲೋಮೀಟರಿನ ಲೆಕ್ಕವಿಲ್ಲ,
ಗಂಟೆಯ ಲೆಕ್ಕ.

ಗಾಡಿಯ ಜೊತೆ ಬಂದದ್ದು ಹಾಲಿನ ಸೊಸೈಟಿಯ ಹಳೆಯ ಪುಸ್ತಕ,
ಒಳಗೆ ನೊರ್ಬರ್ಟನ ಪೆನ್ಸಿಲ್ ಅಕ್ಷರ:
ಗಂಟೆ ೯. ರಿಂಗು ಹೊಸತು.
ಗಂಟೆ ೧೨. ಗೇರೆಣ್ಣೆ. ಕ್ಲಚ್ಚಿನಲ್ಲಿ ಹುಡಿ.
ಮಳೆ. ಓಡಿಸಲಿಲ್ಲ.
ಮಳೆ.
ಮೊಣಕಾಲು.
ಮೊಣಕಾಲಿಗೆ ಗಂಟೆ ಹಾಕಿಲ್ಲ.
ಕೊನೆಯ ಸಾಲು: ಹೊಸ ಪಿಸ್ಟನ್ ಹಾಕಿ ೬ ಗಂಟೆ.

ನಾನು ರಕ್ತಪರೀಕ್ಷೆಯವಳು, ಅಳತೆ ನನ್ನ ಅನ್ನ.
ಎರಡು ಲೀಟರ್ ಪೆಟ್ರೋಲಿಗೆ
ಅರವತ್ತೆರಡೂವರೆ ಎಂ.ಎಲ್. ಎಣ್ಣೆ,
ಸೂಜಿ ಕಳಚಿದ ಸಿರಿಂಜಿನಲ್ಲಿ ಎಳೆದು
ಬೆರಳಿನಲ್ಲಿ ತಟ್ಟಿ ಗುಳ್ಳೆ ಹೊರಡಿಸುತ್ತೇನೆ.
ರೇಸಿನ ಎಣ್ಣೆಯೆಂದು ಅಂಗಡಿಯವ
ಸಾವಿರ ಎಣಿಸಿಕೊಂಡ.
ಮೂಗಿಗೆ ಮೋಸವಿಲ್ಲ: ಹರಳೆಣ್ಣೆ!
ದೊಡ್ಡ ರಜೆಯ ಮೊದಲ ಬೆಳಗ್ಗೆ
ಅಜ್ಜಿ ನನ್ನ ಮೂಗು ಹಿಡಿದು ಕುಡಿಸುತ್ತಿದ್ದದ್ದು.

ಜೆಪ್ಪುವಿನ ಬಸ್ತ್ಯಾಂವಣ್ಣ
ಬಂದರಿನಲ್ಲಿ ದೋಣಿಯ ಮೋಟಾರು ರಿಪೇರಿ ಮಾಡಿ ಮಾಡಿ
ಮುಕ್ಕಾಲು ಕಿವುಡ.
ಸ್ಕ್ರೂಡ್ರೈವರಿನ ಮೊನೆ ಇಂಜಿನಿಗೆ,
ಹಿಡಿ ತನ್ನ ದವಡೆಯ ಮೂಳೆಗೆ ಒತ್ತಿ
ಕಣ್ಣು ಮುಚ್ಚಿದ.
ಬೀದಿಯೆಲ್ಲ ನೀಲಿ ಹೊಗೆ, ಎದುರುಮನೆಯ ಕಿಟಕಿ ಪಟಪಟ ಮುಚ್ಚಿತು.
"ಹರಿಣಾಕ್ಷೀ," ಎಂದ,
"ಇದು ಆರು ಗಂಟೆಯ ಸದ್ದಲ್ಲ ಮಾರಾಯ್ತಿ."

ಸಿಲಿಂಡರ್ ಎತ್ತಿದೆವು.
ಪಿಸ್ಟನಿನ ಮೈಮೇಲೆ ಉದ್ದುದ್ದ ಗೀರು,
ಬೆಕ್ಕು ಮರ ಹತ್ತಲು ನೋಡಿ ಜಾರಿದ ಹಾಗೆ.
ಪುಸ್ತಕವನ್ನು ಬಲ್ಬಿಗೆ ಹಿಡಿದೆ.
ಆರರ ಎಡಕ್ಕೆ ಕಾಗದ ತೆಳುವಾಗಿದೆ,
ರಬ್ಬರು ಉಜ್ಜಿದ ಜಾಗ.
ಅಲ್ಲೊಂದು ಒಂದು ಇತ್ತೋ, ಎರಡು ಇತ್ತೋ.

ಫೋನು ಕೈಗೆತ್ತಿಕೊಂಡೆ. ಇಟ್ಟೆ.
ನನ್ನ ಕೌಂಟರಿಗೆ ಬರುವವರೂ ಹಾಗೆಯೇ:
ಬೆಳಗ್ಗಿನಿಂದ ಏನೂ ತಿಂದಿಲ್ಲ ಸಿಸ್ಟರ್,
ಎನ್ನುವ ಬಾಯಲ್ಲಿ ಬನ್ಸಿನ ಬಾಳೆಹಣ್ಣಿನ ಪರಿಮಳ.
ನಾನೂ ತೋಳಿಗೆ ಪಟ್ಟಿ ಕಟ್ಟುತ್ತೇನೆ.

ಕೊಯಮತ್ತೂರಿನಿಂದ ಪಿಸ್ಟನ್ ಬರಲು ಇಪ್ಪತ್ತಮೂರು ದಿನ.
ಅಷ್ಟರಲ್ಲಿ ಕಡಲಗಾಳಿ ಚೈನಿಗೆ ಕೆಂಪು ಹಚ್ಚಿತು,
ನಾನು ತಿಕ್ಕಿದೆ, ಅದು ಮತ್ತೆ ಹಚ್ಚಿತು.
ಉಗುರಿಗಿಂತ ಸಣ್ಣ ಕ್ಲಿಪ್ಪೊಂದು ಚಂಗನೆ ಹಾರಿ
ಅರ್ಧ ರಾತ್ರಿ ನೆಲ ಗುಡಿಸಿಸಿತು.
ಇಂಜಿನಿನ ಬಾಯಿಗೆ ಬಟ್ಟೆ ತುರುಕಿದ್ದರಿಂದ ಬದುಕಿದೆವು.
ಇಲ್ಲಿಯ ಗಾಳಿಯಲ್ಲಿ ಅರ್ಧ ನೀರು,
ಒಂದು ನಂಬರ್ ಸಣ್ಣ ಜೆಟ್ ಹಾಕೆಂದ ಅಣ್ಣ.
ಪ್ಲಗ್ಗು ಕಪ್ಪಾದರೆ ಉಸಿರು ಕಟ್ಟುತ್ತದೆ,
ಬಿಳಿಯಾದರೆ ಸುಟ್ಟುಕೊಳ್ಳುತ್ತದೆ,
ಬೇಕಾದದ್ದು ಹಾಲು ಕಡಿಮೆಯಾದ ಚಹಾದ ಬಣ್ಣ.

ಆದಿತ್ಯವಾರ, ಮುಡಿಪಿನ ಕೆಂಪುಕಲ್ಲಿನ ಕೋರೆ.
ಚಾಲೂ ಮಾಡಿ, ಬಿಸಿ ಮಾಡಿ, ಆರಿಸಿ, ಕಾದು,
ಮೂರು ಸಲ. ಮೂರನೆಯ ಸಲ
ಸಿಲಿಂಡರಿನ ಮೇಲೆ ಅಂಗೈ ಇಟ್ಟು ಕೂತೆ,
ಜ್ವರ ಇಳಿಯುವವರೆಗೆ.
ಆಮೇಲೆ ಓಡಿಸಿದೆ. ಅರ್ಧ ಥ್ರಾಟಲ್, ಹೆಚ್ಚಿಲ್ಲ.
ಕೈ ಇನ್ನೂ ಕೇಳಿತು, ಕೊಡಲಿಲ್ಲ.

ಇಳಿದಾಗ ಕೋರೆಯ ಅಂಚಿನಲ್ಲಿ ನೊರ್ಬರ್ಟ್,
ಕುಂಟುತ್ತ ಬಂದು, ಹೊಗೆಯೊಳಗೇ ನಿಂತು
ಮೂಗರಳಿಸುತ್ತಿದ್ದ.
ಯಾರು ಹೇಳಿದರೋ.
"ಎಷ್ಟಾಯ್ತು?"
"ಹನ್ನೆರಡು ನಿಮಿಷ."
ಪ್ಲಗ್ಗು ಬಿಚ್ಚಿ ತೋರಿಸಿದೆ. ತಲೆ ಆಡಿಸಿದ.
ನಾನು ಪುಸ್ತಕ ತೆಗೆದೆ, ಹೊಸ ಪುಟ,
ಜೇಬಿನಲ್ಲಿ ಪೆನ್ಸಿಲ್ ತಡಕಿದೆ.

"ಪೆನ್ನಲ್ಲಿ ಬರಿ, ಆಯ್ತಾ," ಎಂದ,
ಕೋರೆಯ ತಳದ ನೀರಿನ ಕಡೆ ನೋಡುತ್ತ.