ಎಣ್ಣೆ ಬಂದಾಗ

ಡ್ಯಾಂಡಿನಾಂಗ್‌ನ ತಗಡಿನ ಶೆಡ್ಡು, ಜುಲೈ ಚಳಿ.
ಬೆಂಚಿನ ಮೇಲೆ ಹಳೇ ಟವೆಲ್ ಹಾಸಿ
ಲೆಫ್ಟೆರಿಸ್ ಮೂರು ಪಂಪುಗಳನ್ನಿಟ್ಟ,
ಗಂಡಿನ ಕಡೆಯವರ ಮುಂದೆ
ಜಾತಕ ಹರಡಿದ ಹಾಗೆ.

ಪಕ್ಕಕ್ಕೆ, ಊಟದ ಡಬ್ಬಿಯೊಳಗೆ, ನಾಲ್ಕನೆಯದು:
ನನ್ನದು, ಸತ್ತದ್ದು.
ಒಳಗಿನ ಗೇರು ಚೂರು ಚೂರು.
ಜೋಡಿಸಿ ನೋಡಿದೆ. ಒಂದು ಚೂರು ಕಡಿಮೆ ಬಂತು.
ಸಂಪಿನಲ್ಲಿಲ್ಲ, ಫಿಲ್ಟರಿನಲ್ಲಿಲ್ಲ.
ಬ್ಲಾಕನ್ನು ಎರಡು ಸಲ ತೊಳೆಸಿದ್ದಾಯಿತು.

ಹೀತ್‌ಕೋಟಿನ ಡ್ರ್ಯಾಗ್ ಪಟ್ಟಿಯ ತುದಿಯಲ್ಲಿ
ಲಿಮಿಟರಿಗೆ ಹಣೆ ಚಚ್ಚಿಕೊಳ್ಳುತ್ತಿದ್ದ ಎಂಜಿನ್ನನ್ನು
ಇನ್ನೆರಡು ಸೆಕೆಂಡು ಓಡಲಿ ಅಂದುಕೊಂಡೆ.
ಎರಡು ಸೆಕೆಂಡು ಎಷ್ಟುದ್ದವೆಂದು
ಆರನೇ ರಾಡಿನ ಬೇರಿಂಗನ್ನು ಕೇಳಬೇಕು.
ಪಂಪಿನಿಂದ ಎಲ್ಲರಿಗಿಂತ ದೂರ ಕೂತದ್ದು,
ಪಂಕ್ತಿಯ ಕೊನೇ ಎಲೆ.
ಬಡಿಸುವವ ಅಲ್ಲಿಗೆ ಬರುವಷ್ಟರಲ್ಲಿ
ಸೌಟು ತಪ್ಪಲೆಯ ತಳ ಕೆರೆಯುತ್ತಿತ್ತು.

ಅಪ್ರೆಂಟಿಸ್ ಕೀಗನ್‌ಗೆ ಹತ್ತೊಂಬತ್ತು. ದೊಡ್ಡದನ್ನೇ ಎತ್ತಿಕೊಂಡ.
‘ಹೈ ವಾಲ್ಯೂಮ್. ಕಣ್ಣು ಮುಚ್ಚಿ ಹಾಕಿ.
ಎಣ್ಣೆ ಜಾಸ್ತಿಯಾಗಿ ಯಾರಾದರೂ ಸತ್ತದ್ದುಂಟಾ?’
ಲೆಫ್ಟೆರಿಸ್‌ಗೆ ಎಡಗಿವಿ ಕೇಳದು,
ಬೇಡವಾದಾಗ ಬಲಗಿವಿಯೂ.
ಇದು ಮಾತ್ರ ಕೇಳಿಸಿತು.
‘ಉಂಟು. ಎಲ್ಲಾ ಹೆಡ್ಡಿಗೆ ಏರುತ್ತೆ.
ಏರುವ ದಾರಿ ಅಗಲ, ಇಳಿಯುವ ದಾರಿ ಕಿರಿದು.
ಮೇಲೆ ಈಜುಕೊಳ, ಕೆಳಗೆ ಸಂಪು ಖಾಲಿ,
ಪಂಪು ಗಾಳಿ ಕುಡಿಯುತ್ತೆ.’

ಪಿತ್ತ ನೆತ್ತಿಗೇರಿದವರನ್ನು ಬೇಕಾದಷ್ಟು ಕಂಡಿದ್ದೇನೆ.
ಎಣ್ಣೆ ನೆತ್ತಿಗೇರುವುದು ಹೊಸ ವಿಷಯ.
ಕ್ಯಾಮುಗಳು ಮೇಲೆ ಅಭ್ಯಂಜನಕ್ಕೆ ಕೂತಿರುವಾಗ
ಕ್ರ್ಯಾಂಕು ಕೆಳಗೆ ಒಣಗಂಟಲಲ್ಲಿ
ಏಳು ಸಾವಿರ ಸುತ್ತು.

ಎರಡನೆಯದು ಕಂಪನಿಯದ್ದೇ, ಅಗ್ಗ.
ಲೋಹದ ಪುಡಿ ಒತ್ತಿ ಬೇಯಿಸಿದ ಗೇರು,
ಸಂಡಿಗೆಯ ಜಾತಿ:
ಹೊತ್ತರೆ ಗಟ್ಟಿ, ಬಡಿದರೆ ಪುಡಿ.
ಮೂರನೆಯದರ ಒಡಲು ಅದೇ, ಅಳತೆ ಅದೇ,
ಗೇರು ಮಾತ್ರ ಇಡೀ ಉಕ್ಕಿನಿಂದ ಕಡೆದದ್ದು.
ಬೆಲೆ: ಮಗಳ ಹಲ್ಲಿನ ತಂತಿಯ ಎರಡು ಕಂತು.

ಹೊರಗೆ ಹೋಗಿ ಸುವರ್ಚಲಾಗೆ ಫೋನು ಮಾಡಿದೆ.
ಬೆಲೆ ಹೇಳಿದೆ.
ಆ ಕಡೆ ಕುಕ್ಕರ್ ಕೂಗುವವರೆಗೂ ಮಾತಿಲ್ಲ.
ಆಮೇಲೆ: ‘ಅದು ಕೆಟ್ಟರೆ ಅದೊಂದೇ ಹೋಗುತ್ತಾ,
ಎಲ್ಲಾ ಹೋಗುತ್ತಾ?’
ಎಲ್ಲಾ, ಅಂದೆ.
‘ಮತ್ತೆ ನನ್ನನ್ನೇನು ಕೇಳ್ತೀಯ.’

ಮೂರನೆಯದರ ಬೆನ್ನು ಬಿಚ್ಚಿ ನೋಡಿದರೆ
ಹಿಂದಿನ ತಟ್ಟೆಯ ತಿರುಪು ಒಂದು ಸಡಿಲ.
ಹೊಸದು ಎಂದು ನಂಬಬಾರದು, ಅಂದ ಲೆಫ್ಟೆರಿಸ್.
ಎಲ್ಲಾ ತೆಗೆದು, ಅಂಟು ಹಚ್ಚಿ, ಮತ್ತೆ ಬಿಗಿದ.
ಫೀಲರ್ ಗೇಜಿನ ಎಲೆ
ಗೇರಿಗೂ ಗೋಡೆಗೂ ನಡುವೆ
ತುಸು ತಡೆದು, ಹಾದುಹೋಯಿತು.
ಹೆಡ್ಡಿಗೆ ಹೋಗುವ ದಾರಿಗೆ ಒಂದು ಬಿರಡೆ,
ಅದರಲ್ಲಿ ಸಾಸಿವೆ ಸಿಕ್ಕಿಕೊಳ್ಳುವಷ್ಟು ತೂತು.
ಪಂಪಿನ ಹೊಟ್ಟೆಗೆ ಬೆರಳಲ್ಲಿ ವ್ಯಾಸಲೀನ್ ತುಂಬಿದೆ,
ಮೊದಲ ಗುಟುಕು ಒಣಗಿರಬಾರದಲ್ಲ.

ಸ್ಪಾರ್ಕಿನ ಫ್ಯೂಸ್ ಕಿತ್ತು, ಪ್ಲಗ್ಗುಗಳನ್ನು ಬಿಚ್ಚಿ
ಕೀಗನ್ ಕೀಲಿ ತಿರುಗಿಸಿದ.
ಎಂಜಿನ್ ಕೆಮ್ಮದೆ, ಸುಮ್ಮನೆ ಹೊರಳಿತು.
ಹತ್ತು ಸೆಕೆಂಡು. ಮುಳ್ಳು ಮಲಗಿಯೇ ಇದೆ.
ನಿಲ್ಲಿಸಿ, ಮತ್ತೆ ಹತ್ತು.
ಪಕ್ಕದ ಶೆಡ್ಡಿನ ರೇಡಿಯೋದಲ್ಲಿ ಯಾರೋ ಗೋಲು ಹೊಡೆದರು.
ಮತ್ತೆ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು
ಅನ್ನುವ ಗಾದೆಗೆ ಬೇರೆ ಅರ್ಥವಿದೆ, ಗೊತ್ತು.
ನಾನು ಮುಚ್ಚಿಕೊಂಡದ್ದು ನಿಜಕ್ಕೂ ಮುಚ್ಚಿಕೊಂಡದ್ದು.
ಲೆಫ್ಟೆರಿಸ್ ಭುಜ ತಟ್ಟಿದಾಗ
ಮುಳ್ಳು ಆಗಲೇ ನಲವತ್ತು ದಾಟಿ ನಡುಗುತ್ತಿತ್ತು.
ಏಳುವುದನ್ನು ಅವರಿಬ್ಬರೂ ನೋಡಿದ್ದರು.

ರಾತ್ರಿ ಬ್ರೆಡ್ ಕಾರ್ಖಾನೆಯ ಪಾಳಿ ಮುಗಿಸಿ
ಮೈಯೆಲ್ಲ ಮೈದಾ, ಸೀದಾ ಶೆಡ್ಡಿಗೆ ಬಂದೆ.
ಕಾರಿನಡಿ ಹಾಸಿದ್ದ ರಟ್ಟಿನ ಮೇಲೆ
ಒಂದು ಹನಿ.
ಬೆರಳಲ್ಲಿ ಒರೆಸಿ ಮೂಸಿದೆ.
ಹೊಸ ಎಣ್ಣೆ. ಎಲ್ಲಿಂದ ಅಂತ ಇನ್ನು ಹುಡುಕಬೇಕು.
ಆ ಚೂರೂ ಸಿಕ್ಕಿಲ್ಲ.