ಚುಕ್ಕಿಗೆರೆ

ಮುಹರ್ರಕ್‌ನ ಹೆಂಗಸರ ವಾರ್ಡಿನಲ್ಲಿ
ಟಿವಿಗೆ ದನಿ ಕೊಡುವುದಿಲ್ಲ ನಾವು.
ಕೂಸುಗಳು ಮಲಗಿರುತ್ತವೆ, ಇಲ್ಲವೇ
ಕೂಸು ಕಳಕೊಂಡವರು.

ಇವತ್ತು ಅದರಲ್ಲಿ ಮಜ್ಲಿಸ್ಸು.
ಬಿಳಿ ತೋಬುಗಳ ಸಾಲು, ನಡುನಡುವೆ ಮೂರು ಕಪ್ಪು ಅಬಾಯ,
ಮೇಜಿಗೊಂದು ನೀರಿನ ಬಾಟಲಿ, ಒಂದು ಟಿಶ್ಯೂ ಡಬ್ಬಿ.
ಕೆಳಗೆ ಓಡುವ ಅರಬ್ಬಿ ಪಟ್ಟಿಯನ್ನು
ಹದಿಮೂರು ವರ್ಷವಾದರೂ ಅಕ್ಷರ ಕೂಡಿಸಿಯೇ ಓದುತ್ತೇನೆ:
ಗರ್ಭಕೋಶ ತೆಗೆಯಲು
ಹೆಂಗಸಿನ ಸಹಿ ಒಂದೇ ಸಾಕೋ,
ಗಂಡನದೂ ಬೇಕೋ.

ನನ್ನ ಕೈಯಲ್ಲೂ ಅದೇ ಕಾಗದ.
ಮೂರನೇ ಹಾಸಿಗೆಯ ಶೈಮಾ,
ಹುಡುಗಿಯರ ಶಾಲೆಯಲ್ಲಿ ಲೆಕ್ಕ ಕಲಿಸುವವಳು.
ಹನ್ನೊಂದು ತಿಂಗಳಿಂದ ಹೋಗುತ್ತಲೇ ಇದೆ,
ಹಿಮೋಗ್ಲೋಬಿನ್ ಆರೂವರೆ.
ಮೊದಲ ಚುಕ್ಕಿಗೆರೆಯ ಮೇಲೆ
ಅವಳ ಹೆಸರು, ಅಪ್ಪನದು, ಅಜ್ಜನದು,
ಬೋರ್ಡಿನ ಮೇಲೆ ಬರೆದ ಹಾಗೆ ದುಂಡಗೆ.
ಎರಡನೆಯದು ಖಾಲಿ.
ಅದರ ಒಡೆಯ ದಮ್ಮಾಮಿನಿಂದ ಹೊರಟು
ಸೇತುವೆಯ ಮೇಲೆ, ರಜೆಗೆ ಹೊರಟ ಕಾರುಗಳ ನಡುವೆ
ಮೂರು ತಾಸಿನಿಂದ ಪಾಸ್‌ಪೋರ್ಟ್ ಹಿಡಿದು ಕೂತಿದ್ದಾನೆ.
ಕೆಟ್ಟವನಲ್ಲ. ಫೋನಿನಲ್ಲಿ ಅಳುತ್ತಾನೆ.
ಅಳುವನ್ನು ಎಲ್ಲಿ ಅಂಟಿಸಲಿ?

ಈಗ ಕೈ ಎತ್ತುತ್ತಿದ್ದಾರೆ.
ಕೆಲವರು ಪೂರಾ, ಟ್ಯಾಕ್ಸಿ ನಿಲ್ಲಿಸುವವರ ಹಾಗೆ;
ಕೆಲವರು ಮೊಣಕೈ ಮೇಜಿಗೂರಿ, ಎರಡೇ ಬೆರಳು;
ಒಬ್ಬ, ಪಕ್ಕದವನ ಕೈ ನೋಡಿಕೊಂಡು.
ಅಬಾಯಗಳಲ್ಲಿ ಎರಡು ಎತ್ತಿದವು. ಒಂದು
ಕಾಗದ ಜೋಡಿಸುತ್ತಿದೆ, ಜೋಡಿಸುತ್ತಲೇ ಇದೆ.

ಎರಡನೇ ಸಾಲಿನ ಕೊನೆಯವ—
ಆ ಕೈ ನನಗೆ ಗೊತ್ತು.
ಹೋದ ರಮಜಾನಿನ ಸಹರಿ ಹೊತ್ತು
ಇದೇ ಕಾರಿಡಾರಿನಲ್ಲಿ ನಾನೇ ಅದಕ್ಕೆ ಪೆನ್ನು ಕೊಟ್ಟೆ.
ಫಿರೋಜಾ ಕಲ್ಲಿನ ಉಂಗುರ.
ಪೆನ್ನು ಎರಡು ಸಲ ನೆಲಕ್ಕೆ ಬಿತ್ತು.
ಒಳಗೆ ಹೆಂಡತಿ, ಮಾಸು ಬಿಡದೆ, ಹಾಸಿಗೆಯೆಲ್ಲ ನೆತ್ತರು.
"ಯಾವ ಗೆರೆ, ತೋರಿಸು ತಂಗೀ, ಎಲ್ಲ ಗೆರೆಗೂ ಹಾಕುತ್ತೇನೆ" ಅಂದಿದ್ದ.
ಆಮೇಲೆ ಇಡೀ ವಾರ್ಡಿಗೆ ಖರ್ಜೂರ ಕಳಿಸಿದ.
ಇವತ್ತು ಆ ಕೈ ಮೇಜಿನ ಮೇಲೆ
ಬೋರಲು ಹಾಕಿದ ಬಸಿ.
ಇತ್ತಲೂ ಏಳಲಿಲ್ಲ, ಅತ್ತಲೂ ಏಳಲಿಲ್ಲ.

ನಮ್ಮವ್ವನದು ಬೇರೆ ಕತೆ.
ಹುಮನಾಬಾದಿನ ಸರಕಾರಿ ಶಾಲೆಯಲ್ಲಿ ಕ್ಯಾಂಪು,
ಬೆಂಚು ಜೋಡಿಸಿದ್ದೇ ಮಂಚ,
ಒಂದು ಮಧ್ಯಾಹ್ನಕ್ಕೆ ಮೂವತ್ತೆಂಟು ಹೆಂಗಸರು.
ಗಂಡನ ಸಹಿ ಯಾರೂ ಕೇಳಲಿಲ್ಲ.
ಅವ್ವನ ಹೆಬ್ಬೆಟ್ಟು ಹಿಡಿದು, ಮಸಿಗೆ ಒತ್ತಿ,
ಕಾಗದಕ್ಕೂ ತಾವೇ ಒತ್ತಿದರು.
ಏನು ಬರೆದಿತ್ತವ್ವಾ ಅದರಾಗ?
"ಯಾರಿಗ್ಗೊತ್ತು. ಸ್ಟೀಲಿನ ಕೊಡ ಕೊಟ್ರು."
ವಾರದ ತನಕ ಅವಳು ಬಡಿದ ರೊಟ್ಟಿಗೆಲ್ಲ
ಒಂದು ನೀಲಿ ಕಲೆ. ನಾವು ಅದನ್ನೇ ಮೊದಲು
ಮುರಿದು ತಿನ್ನುತ್ತಿದ್ದೆವು, ಜಗಳಾಡಿ.

ಅಲ್ಲಿಯದನ್ನೂ ಇಲ್ಲಿಯದನ್ನೂ ತೂಗಲು ಹೋಗುವುದಿಲ್ಲ ನಾನು.
ನನ್ನ ಹತ್ತಿರ ಇರುವ ತಕ್ಕಡಿ ಕೂಸುಗಳದು,
ಒಂದೂವರೆ ಕಿಲೋದಿಂದ ನಾಲ್ಕರ ತನಕ.

ಹದಿನೆಂಟು. ಹದಿನೆಂಟು. ತಟಸ್ಥ ನಾಲ್ಕು.
ಅಧ್ಯಕ್ಷರು ಸುತ್ತಿಗೆ ಬಡಿದರು;
ಸದ್ದಿಲ್ಲದ್ದರಿಂದ
ಯಾವುದಕ್ಕೋ ಮೊಳೆ ಹೊಡೆದ ಹಾಗೆ ಕಂಡಿತು.

"ಏನಾಯಿತು ಸಿಸ್ಟರ್ ಕೃಪಾವತಿ?"
ಸಮಿತಿಗೆ ವಾಪಸ್ಸು. ಮುಂದಿನ ಅಧಿವೇಶನಕ್ಕೆ.
"ಅಂದರೆ ಅಕ್ಟೋಬರ್."
ಕಣ್ಣು ಮುಚ್ಚಿ ಭಾಗಿಸಿದಳು.
ಶೇಷ ಎಷ್ಟೆಂದು ಹೇಳಲಿಲ್ಲ.

ರಕ್ತದ ಚೀಲ ಬದಲಿಸಿ ತಿರುಗುವಷ್ಟರಲ್ಲಿ
ಪ್ಯಾಡು ಅವಳ ತೊಡೆಯ ಮೇಲಿತ್ತು.
ಎರಡನೆಯ ಚುಕ್ಕಿಗೆರೆಯ ಮೇಲೂ
ಅವಳ ಹೆಸರು, ಅಪ್ಪನದು, ಅಜ್ಜನದು,
ಅದೇ ದುಂಡು ಅಕ್ಷರ.

ಇದು ನಡೆಯುವುದಿಲ್ಲ. ಹೊಸ ಫಾರ್ಮು ತರಬೇಕು.
ನನ್ನ ವೀಸಾ ಫೆಬ್ರವರಿ ತನಕ.
ಡ್ರಾಯರಿನ ಮುಂದೆ ನಿಂತಿದ್ದೇನೆ,
ಕೀಲಿ ಬೆರಳಲ್ಲೇ ಇದೆ,
ಎಡದ ಹೆಬ್ಬೆಟ್ಟು ಯಾಕೋ
ಏಪ್ರನ್ನಿಗೆ ಒರೆಸುತ್ತಿದ್ದೇನೆ.