ಎರಡು ಹಣ್ಣು

ಕವರತಾಕೆ ಅನ್ನುತ್ತಾರೆ ಇಲ್ಲಿ: ಹಂಚಿನಣಬೆ.
ಬಿದ್ದ ಓಕ್ ಮರದ ಬೆನ್ನಿಗೆ ಸಾಲುಸಾಲು,
ಯಾರೋ ಸೂರು ಹೊದಿಸಲು ಹತ್ತಿ
ಅರ್ಧಕ್ಕೇ ಊಟಕ್ಕೆದ್ದು ಹೋದ ಹಾಗೆ.

ಅದನ್ನು ಕುದಿಸಿ, ಸೋಸಿ, ಒಣಗಿಸಿದ ಪುಡಿಯನ್ನು
ತೂಗಿ ಕ್ಯಾಪ್ಸೂಲಿಗೆ ತುಂಬುವುದು ನನ್ನ ಕೆಲಸ.
ಇನ್ನರ್ಧಕ್ಕೆ ಹುರಿದ ಬಾರ್ಲಿ ಹಿಟ್ಟು. ಅದೇ ಬಣ್ಣ, ಅದೇ ತೂಕ,
ಮೂಗಿಗೂ ಸುಳಿವು ಸಿಗಬಾರದು.
ಡಾಕ್ಟರಿಗೆ ಗೊತ್ತಿಲ್ಲ, ರೋಗಿಗೆ ಗೊತ್ತಿಲ್ಲ;
ತೊತ್ತೊರಿಯ ಈ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಬೀಗ ಹಾಕಿದ ಪಟ್ಟಿಗೆ ಗೊತ್ತು, ನನಗೆ ಗೊತ್ತು.

ರೋಗಿಗಳ ಕಣ್ಣಿಗೆ ನಾನು ಬೀಳಬಾರದೆಂದು ನಿಯಮ.
ಆದರೂ ಒಂದು ದಿನ ದಾರಿ ತಪ್ಪಿ ಇಳಿದು ಬಂದರು
ಮಿತ್ಸುಯೊ ಕದೊವಾಕಿ,
ಓಕಿ ದ್ವೀಪದ ಹಡಗಿಗೆ ಟಿಕೆಟ್ ಹರಿದೇ ಮುದುಕಿಯಾದವರು,
ತಲೆ ಮೇಲೆ ಈಗಷ್ಟೇ ಚಿಗುರಿದ ಕೂದಲು.
"ಅಣಬೆಯವರು ನೀವೇನಾ?"
ಹಸಿವಾಗುತ್ತಿದೆಯಂತೆ. ಮೆಟ್ಟಿಲು ಹತ್ತಿದರೆ ಏದುಸಿರಿಲ್ಲವಂತೆ.
ಕೈಚೀಟಿಯಲ್ಲಿ ಸಂಖ್ಯೆ ನಲವತ್ತೇಳು.
ಬಾರ್ಲಿ.
ಬಾಯಿಗೆ ಬಂದ ಹಿಟ್ಟನ್ನು ನುಂಗಿಕೊಂಡೆ.

ಚೀಲದಿಂದ ಎರಡು ಕಾಕಿ ಹಣ್ಣು ತೆಗೆದು ಕಿಟಕಿಯಲ್ಲಿಟ್ಟರು.
"ಒಂದು ಅಣಬೆಗೆ, ಒಂದು ಅಣಬೆಯಲ್ಲದ್ದಕ್ಕೆ.
ಯಾರ ಋಣವೋ, ನನಗೇನು ಗೊತ್ತು?"

ವರ್ಷದ ಕೊನೆಗೆ ಪಟ್ಟಿ ಬಿಚ್ಚಿದರು. ಎರಡೂ ಗೆರೆಗಳು
ಅಂಟಿಕೊಂಡೇ ನಡೆದು, ತುದಿಯಲ್ಲಿ
ಒಂದು ಕೂದಲೆಳೆಯಷ್ಟು ಅಗಲಿದ್ದವು.
ಇನ್ನೂ ಹೆಚ್ಚು ಜನ ಬೇಕು ಎಂದು ಬರೆದರು ಡಾಕ್ಟರು.

ಹಣ್ಣು ನಾನು ಅಂದೇ ತಿಂದಿದ್ದೆ. ಒಂದು ಜೇನು.
ಇನ್ನೊಂದು ಒಗರು, ಸಂಜೆಯವರೆಗೂ ನಾಲಿಗೆ ಹಿಡಿದಿತ್ತು.
ಯಾವುದು ಯಾರದೆಂದು
ಬರೆದಿಟ್ಟುಕೊಳ್ಳಲಿಲ್ಲ.